ಮೂರು ವರ್ಷದ ಸರ್ಕಾರ, ಹತ್ತು ವರ್ಷದ ಚಿಕಿತ್ಸೆ

ಮಾನ್ಯರೇ,

ದಕ್ಷಿಣ ಆಕ್ಲೆಂಡಿನ ಶಾಲೆಯೊಂದರಲ್ಲಿ ಪಾಠ ಹೇಳುವ ನೀವು, ನ್ಯೂಜಿಲೆಂಡಿನ ಪೆಸಿಫಿಕ್ ಸಮುದಾಯಗಳ (ಸಮೋವ, ಟೋಂಗದಂಥ ಪೆಸಿಫಿಕ್ ದ್ವೀಪಗಳ ಮೂಲದವರ) ಕುರಿತ ನಮ್ಮ ಲೇಖನವನ್ನು ಓದಿ, ಮೂರು ವರ್ಷಕ್ಕೊಮ್ಮೆ ಚುನಾವಣೆ ನಡೆಯುವ ದೇಶದಲ್ಲಿ ಅವರ ಆರೋಗ್ಯ, ಶಿಕ್ಷಣಗಳಿಗಾಗಿ ಮಾಡುವ ಹತ್ತು ವರ್ಷದ ಯೋಜನೆಗಳು ಕಾಗದದಲ್ಲೇ ಉಳಿಯುತ್ತವೆ, ಆ ಹಣವನ್ನು ನೇರವಾಗಿ ಶಾಲೆಗಳಿಗೂ ಚಿಕಿತ್ಸಾಲಯಗಳಿಗೂ ಕೊಡಬಾರದೇಕೆ ಎಂದು ಕೇಳಿದ್ದೀರಿ. ನಿಮ್ಮ ಬೇಸರ ನ್ಯಾಯವಾದದ್ದು. ತೀರ್ಮಾನವನ್ನು ಮಾತ್ರ ಒಪ್ಪಲಾರೆ.

ರುಮ್ಯಾಟಿಕ್ ಜ್ವರವನ್ನೇ ನೋಡಿ. ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದಿಂದ ಬಂದ ಗಂಟಲುನೋವಿಗೆ ಸಕಾಲದಲ್ಲಿ ಔಷಧ ಸಿಗದಿದ್ದರೆ ಕೆಲವು ಮಕ್ಕಳಲ್ಲಿ ಈ ಜ್ವರ ಕಾಣಿಸಿಕೊಂಡು ಹೃದಯದ ಕವಾಟಗಳನ್ನು ಶಾಶ್ವತವಾಗಿ ಕೆಡಿಸಬಹುದು. ಸಿರಿವಂತ ದೇಶಗಳಲ್ಲಿ ಬಹುಮಟ್ಟಿಗೆ ಮರೆಯಾಗಿರುವ ಈ ಕಾಯಿಲೆ ನ್ಯೂಜಿಲೆಂಡಿನಲ್ಲಿ ಇಂದಿಗೂ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಮತ್ತು ಪೆಸಿಫಿಕ್ ಮಕ್ಕಳನ್ನು ಕಾಡುತ್ತಿದೆ. ಒಮ್ಮೆ ಬಂದ ಮಗುವಿಗೆ 28 ದಿನಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಡಬೇಕು, ಅದೂ ಸಾಮಾನ್ಯವಾಗಿ ಹತ್ತು ವರ್ಷ. ಅಷ್ಟರಲ್ಲಿ ಮೂರು ಚುನಾವಣೆಗಳು ಕಳೆದಿರುತ್ತವೆ. ಚುಚ್ಚುಮದ್ದು ಒಂದು ತಿಂಗಳೂ ತಪ್ಪುವಂತಿಲ್ಲ.

2012ರಲ್ಲಿ ಅಲ್ಲಿನ ಸರ್ಕಾರ ಐದು ವರ್ಷದೊಳಗೆ ಈ ಜ್ವರವನ್ನು ಮೂರರಲ್ಲಿ ಎರಡು ಪಾಲು ಇಳಿಸುವ ಗುರಿ ಇಟ್ಟುಕೊಂಡಿತು. ಶಾಲೆಗಳಲ್ಲೇ ಮಕ್ಕಳ ಗಂಟಲು ಪರೀಕ್ಷೆ ಆರಂಭವಾಯಿತು. ಪ್ರಕರಣಗಳು ಮೊದಲು ಇಳಿದವು, ಬಳಿಕ ಮತ್ತೆ ಏರಿದವು. 2017ಕ್ಕೆ ಗುರಿ ಮುಟ್ಟಲಿಲ್ಲ. ನೀವು ಇದನ್ನು ಯೋಜನೆಗಳ ಸೋಲೆನ್ನಬಹುದು. ನನಗೆ ಕಾಣುವುದು ಬೇರೆ: ಆ ಯೋಜನೆಯ ಅವಧಿಯೇ ತೀರ ಚಿಕ್ಕದಾಗಿತ್ತು. ಗಂಟಲಿನ ಮಾದರಿ ತೆಗೆಯಲು ಒಂದು ನಿಮಿಷ ಸಾಕು, ಆದರೆ ಥಂಡಿ ಹಿಡಿದ ಪುಟ್ಟ ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿ ನಾಲ್ಕೈದು ಮಂದಿ ಮಲಗಿ ಸೋಂಕು ಒಬ್ಬರಿಂದೊಬ್ಬರಿಗೆ ಹರಡುವ ಕುಟುಂಬಕ್ಕೆ ಬೆಚ್ಚಗಿನ ಮನೆ ಒದಗಿಸಲು ಐದು ವರ್ಷ ಸಾಲದು, ಮತ್ತು ಅದು ಆರೋಗ್ಯ ಇಲಾಖೆಯೊಂದರಿಂದಲೇ ಆಗುವ ಕೆಲಸವೂ ಅಲ್ಲ.

ಶಿಕ್ಷಣದ ಮಾತೂ ಹೀಗೆಯೇ. ಪೆಸಿಫಿಕ್ ಶಿಕ್ಷಣದ ಈಗಿನ ಕ್ರಿಯಾಯೋಜನೆ 2020ರಿಂದ 2030ರವರೆಗಿನದು. 2020ರಲ್ಲಿ ಐದನೇ ವಯಸ್ಸಿಗೆ ಶಾಲೆ ಸೇರಿದ ಸಮೋವನ್ ಮಗುವಿಗೆ ಅದು ಮುಗಿಯುವ ಹೊತ್ತಿಗೆ ಹದಿನೈದು. ಅಂದರೆ ಹತ್ತು ವರ್ಷವೂ ಒಂದು ಮಗುವಿನ ಪೂರ್ತಿ ಶಾಲಾ ಜೀವನಕ್ಕೆ ಸಾಲುವುದಿಲ್ಲ. 2023ರ ಜನಗಣತಿಯಂತೆ ಪೆಸಿಫಿಕ್ ಜನರು ಸುಮಾರು 4.42 ಲಕ್ಷ, ಅವರಲ್ಲಿ ಅರ್ಧದಷ್ಟು ಮಂದಿ 25 ವರ್ಷದೊಳಗಿನವರು.

ಸರ್ಕಾರ ಬದಲಾದರೆ ಯೋಜನೆ ಮೂಲೆಗೆ ಬೀಳುತ್ತದೆಂಬ ನಿಮ್ಮ ಭಯಕ್ಕೆ ಪೂರ್ಣ ಪರಿಹಾರ ನನ್ನಲ್ಲಿಲ್ಲ. ಆದರೆ ದೇಶದ ಆರೋಗ್ಯ ವ್ಯವಸ್ಥೆಯ ಕುರಿತ 2022ರ ಪೈ ಓರಾ ಕಾಯ್ದೆ ಪೆಸಿಫಿಕ್ ಜನರಿಗೆ ಪ್ರತ್ಯೇಕ ಆರೋಗ್ಯ ಕಾರ್ಯನೀತಿ ಇರಬೇಕೆಂದು ವಿಧಿಸಿದ್ದನ್ನು ನಾನು ಬಹಳ ಮುಖ್ಯವೆಂದು ತಿಳಿಯುತ್ತೇನೆ, ಏಕೆಂದರೆ ಸಚಿವರೊಬ್ಬರ ಸುತ್ತೋಲೆಯನ್ನು ಬದಿಗಿಟ್ಟಷ್ಟು ಸುಲಭವಾಗಿ ಸಂಸತ್ತಿನ ಕಾಯ್ದೆಯನ್ನು ಬದಿಗಿಡಲಾಗದು.

ಹಣ ಸಮುದಾಯದವರೇ ನಡೆಸುವ ಚಿಕಿತ್ಸಾಲಯಗಳಿಗೆ ತಲುಪಬೇಕೆಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ವೀಸಾ ಅವಧಿ ಮೀರಿ ಉಳಿದವರನ್ನು ಹುಡುಕುತ್ತ ಮುಂಜಾನೆ ಪೊಲೀಸರು ಪೆಸಿಫಿಕ್ ಜನರ ಮನೆಬಾಗಿಲು ತಟ್ಟುತ್ತಿದ್ದ 1970ರ ದಶಕದ ದಾಳಿಗಳಿಗೆ ಸರ್ಕಾರ ಕ್ಷಮೆ ಕೇಳಿದ್ದು 2021ರಲ್ಲಿ; ಅಂಥ ನೆನಪಿರುವ ಹಿರಿಯರು ಸರ್ಕಾರಿ ಕಚೇರಿಗಿಂತ ತಮ್ಮ ಚರ್ಚಿನ ಅಂಗಳದಲ್ಲಿರುವ ದಾದಿಯನ್ನು ನಂಬುವುದು ಸಹಜ. ಆದರೆ ಆ ದಾದಿಯ ಸಂಬಳ ಮುಂದಿನ ವರ್ಷವೂ ಬರುತ್ತದೆಂಬ ಭರವಸೆ ಕೊಡಬೇಕಾದದ್ದು ದೀರ್ಘಾವಧಿಯ ಯೋಜನೆಯೇ.

ನಿಮ್ಮ ತರಗತಿಯಲ್ಲಿ ನೀವು ಕಂಡದ್ದನ್ನು, ಮಕ್ಕಳ ಹೆಸರು ಬಿಟ್ಟು, ವಿವರವಾಗಿ ಬರೆದು ಕಳುಹಿಸಿದರೆ ಪ್ರಕಟಿಸುತ್ತೇವೆ.

— ಸಂಪಾದಕ