ಪಡಸಾಲೆಗೆ ಬಾಟಲ್ ಗ್ರೀನೋ, ಕ್ರೀಮೋ?

ವಿಜಯಪುರದ ಮನೆ, ಮೇಲೆ ಆರ್‌ಸಿಸಿ ಸ್ಲ್ಯಾಬ್, ಪಡಸಾಲೆಗೆ ಪಶ್ಚಿಮದ ಕಡೆ ಒಂದೇ ಕಿಟಕಿ. ನಿಮಗೆ ಕ್ರೀಮ್ ಬೇಕು, ಮನೆಯವರಿಗೆ ಬಾಟಲ್ ಗ್ರೀನ್. ಕಡು ಬಣ್ಣ ಹಚ್ಚಿದರೆ ಧಗೆ ಜಾಸ್ತಿ ಆಗುತ್ತಾ ಅಂತಲೂ ಕೇಳಿದ್ದೀರಿ.

ಧಗೆಯ ಮಾತು ಮೊದಲು ಮುಗಿಸುತ್ತೇನೆ. ಒಳಗಿನ ಬಣ್ಣದಿಂದ ಮನೆ ಅಂಥದ್ದೇನೂ ಕಾಯುವುದಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ಬಿಸಿಲು, ಅದು ಕಾಯಿಸುವುದು ಸ್ಲ್ಯಾಬನ್ನು, ಪಶ್ಚಿಮದ ಹೊರಗೋಡೆಯನ್ನು. ಮಾಳಿಗೆ ಮೇಲೆ ಬಿಳಿ ಸುಣ್ಣ ಹೊಡೆಸಿ, ಕಿಟಕಿಗೆ ಹೊರಗಿನಿಂದ ನೆರಳು ಮಾಡಿ. ಸುಮ್ನೆ ಹಸಿರನ್ನು ಬೈಯಬೇಡಿ.

ನಿಜವಾದ ತಕರಾರು ಬೆಳಕಿನದು. ಕ್ರೀಮ್ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ 100ಕ್ಕೆ 70ರಷ್ಟನ್ನು ಕೋಣೆಗೆ ತಿರುಗಿ ಕೊಡುತ್ತದೆ. ಬಾಟಲ್ ಗ್ರೀನ್ 10 ಕೊಟ್ಟರೆ ಹೆಚ್ಚು. ನಿಮ್ಮ ಕಿಟಕಿಗೆ ಮಧ್ಯಾಹ್ನದವರೆಗೆ ನೇರ ಬಿಸಿಲೇ ಇಲ್ಲ. ನಾಲ್ಕೂ ಗೋಡೆಗೆ ಹಸಿರು ಬಳಿದರೆ ಬೆಳಿಗ್ಗೆ ಪೇಪರ್ ಓದಲಿಕ್ಕೂ ಲೈಟ್ ಹಾಕಬೇಕಾದೀತು. ಸಂಜೆ ಕೆಂಪು ಬಿಸಿಲು ಒಳಗೆ ಬಂದಾಗ ಅದೇ ಹಸಿರು ಮಂಕಾಗಿ ಕಪ್ಪಿಗೆ ತಿರುಗುತ್ತದೆ. ಕ್ರೀಮ್‌ಗೂ ಒಂದು ಕಾಟ ಇದೆ: ಆ ಹೊತ್ತಿಗೆ ಅದು ಅರಿಶಿನ ಬಳಿದ ಹಾಗೆ ಕಾಣುತ್ತದೆ. ಹಳದಿ ಕಡಿಮೆ ಇರುವ ಕ್ರೀಮ್ ಆರಿಸಿ.

ನಾನಾಗಿದ್ದರೆ ಮೂರು ಗೋಡೆಗೆ ಕ್ರೀಮ್, ಉತ್ತರದ ಅಥವಾ ದಕ್ಷಿಣದ ಒಂದು ಗೋಡೆಗೆ ಮಾತ್ರ ಹಸಿರು. ಕಿಟಕಿ ಇರುವ ಗೋಡೆಗೆ ಬೇಡವೇ ಬೇಡ. ಸುತ್ತ ಕತ್ತಲೆ, ನಡುವೆ ಉರಿಯುವ ಕಿಟಕಿ ಇದ್ದರೆ ಕಣ್ಣು ಚುಚ್ಚುತ್ತದೆ. ಎದುರಿನ ಗೋಡೆಗೂ ಬೇಡ, ದಿನಾ ಬಿಸಿಲು ಬಿದ್ದು ಬಣ್ಣ ಮಾಸಬಹುದು.

ಕೊಳೆ ಎರಡರಲ್ಲೂ ಕಾಣುತ್ತದೆ ರೀ. ಕಡು ಮ್ಯಾಟ್ ಗೋಡೆಗೆ ಕುರ್ಚಿ ತಾಗಿದರೆ ಬಿಳಿ ಗೆರೆ, ಜೊತೆಗೆ ನಮ್ಮೂರ ಧೂಳು. ಕ್ರೀಮ್‌ನಲ್ಲಿ ತಲೆ ಆನಿಸಿ ಕೂತಲ್ಲೆಲ್ಲ ಎಣ್ಣೆ ಕಲೆ. ಅದಕ್ಕೆ ಡಿಸ್ಟೆಂಪರ್ ಬಿಟ್ಟು ಒರೆಸಲು ಬರುವ ಎಮಲ್ಷನ್ ತಗೊಳ್ಳಿ.

ಶೇಡ್ ಕಾರ್ಡ್ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಚಿಕ್ಕ ಡಬ್ಬಿ ತಂದು 2 ಅಡಿ ಹಲಗೆಗೆ ಎರಡು ಕೋಟ್ ಹಚ್ಚಿ, ಗೋಡೆಯಿಂದ ಗೋಡೆಗೆ ಸರಿಸಿ ಬೆಳಿಗ್ಗೆ, ಸಂಜೆ, ರಾತ್ರಿ ನೋಡಿ. ರಾತ್ರಿ ನೋಡುವಾಗ ಮುಂದೆ ಬಳಸುವ ಬಲ್ಬೇ ಇರಲಿ. ಬಿಳಿ ಎಲ್‌ಇಡಿ ಕೆಳಗಿನ ಹಸಿರೇ ಬೇರೆ, ಹಳದಿ ಎಲ್‌ಇಡಿ ಕೆಳಗಿನದೇ ಬೇರೆ.

ಇಷ್ಟಾದರೂ ಇಬ್ಬರಿಗೂ ಒಮ್ಮತ ಬರಲಿಲ್ಲ ಅಂದರೆ ಈಗ ಎಲ್ಲ ಕಡೆ ಕ್ರೀಮ್ ಹಚ್ಚಿಸಿ. ಅದರ ಮೇಲೆ ಮುಂದೆ ಹಸಿರು ಹಚ್ಚುವುದು ಸುಲಭ. ಹಸಿರಿನಿಂದ ಕ್ರೀಮ್‌ಗೆ ಬರಬೇಕಾದರೆ ಮತ್ತೆ ಪ್ರೈಮರ್, ಜಾಸ್ತಿ ಕೋಟ್, ಪೇಂಟರ್‌ಗೆ ಜಾಸ್ತಿ ಪಗಾರ.