ದ್ವೀಪದಲ್ಲಿ ಮಕ್ಕಳ ಜೊತೆ ಸುತ್ತಾಟ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ ನಮಸ್ಕಾರ. ಯಜಮಾನರ ಕೆಲಸದಿಂದಾಗಿ ನಾವೀಗ ಸಮುದ್ರದ ಮಧ್ಯದ ಒಂದು ದ್ವೀಪದಲ್ಲಿದೀವಿ. ರಜೆ ಬಂದ್ರೆ ಸಾಕು ಮಕ್ಕಳಿಗೆ ಬೀಚಿಗೆ ಹೋಗ್ಬೇಕು. ಆರು ವರ್ಷದ ಮಗ ಚಿಪ್ಪು, ಏಡಿ ಏನ್ ಕಂಡ್ರೂ ಕೈಗೆ ತಗೋತಾನೆ. ಹೆದರಿಸಿ ಮನೇಲಿ ಕೂರಿಸೋಕೂ ಮನಸ್ಸಿಲ್ಲ, ಏನ್ಮಾಡ್ಲಿ?

ಉತ್ತರ: ಕೂರಿಸಬೇಡಿ ತಾಯಿ, ಕರ್ಕೊಂಡು ಹೋಗಿ. ಆದ್ರೆ ಎಷ್ಟು ಬೇಕಾದ್ರೂ ನೋಡು, ಕೈ ಮಾತ್ರ ಹಾಕ್ಬೇಡ ಅನ್ನೋ ಒಂದು ಮಾತು ಮನೆ ಬಿಡೋ ಮುಂಚೆನೇ ಆಗಿರ್ಲಿ. ಚೆಂದದ ಚಿತ್ತಾರ ಇರೋ ಕೋನ್ ಶೆಲ್ ಇದ್ಯಲ್ಲ, ಅದರೊಳಗೆ ಜೀವ ಇದ್ರೆ ಈಟಿ ಥರದ ಹಲ್ಲು ಚುಚ್ಚಿ ವಿಷ ಬಿಡತ್ತೆ, ಕೆಲವು ಜಾತಿಯ ವಿಷಕ್ಕೆ ದೊಡ್ಡೋರೇ ಸತ್ತಿದ್ದಾರೆ, ಅದಕ್ಕೆ ಪ್ರತಿವಿಷ ಇಲ್ಲ. ಸ್ಟೋನ್ ಫಿಶ್ ಅನ್ನೋ ಮೀನಂತೂ ಕಲ್ಲಿನ ಹಾಗೇ ಬಿದ್ದಿರತ್ತೆ, ತುಳಿದ್ರೆ ಬೆನ್ನಿನ ವಿಷದ ಮುಳ್ಳು ಚುಚ್ಚತ್ತೆ, ಹಾಗಾಗಿ ಬಂಡೆ, ಹವಳ ಇರೋ ಕಡೆ ಗಟ್ಟಿ ಅಡಿಯ ಶೂ ಇಲ್ದೆ ನೀರಿಗಿಳಿಸಬೇಡಿ.

ಇನ್ನು ಖಾಲಿ ಚಿಪ್ಪು. ಅದನ್ನಾದ್ರೂ ತರಬಹುದಲ್ಲ ಅಂತೀರಿ, ಅದೂ ಬೇಡ ಅಂತೀನಿ ನಾನು. ಹರ್ಮಿಟ್ ಕ್ರ್ಯಾಬ್, ಅಂದ್ರೆ ಸನ್ಯಾಸಿ ಏಡಿಯ ಹೊಟ್ಟೆ ಭಾಗ ಮೆತ್ತಗಿರತ್ತೆ, ಬೇರೆ ಬಸವನಹುಳುವಿನ ಖಾಲಿ ಚಿಪ್ಪೇ ಅದಕ್ಕೆ ಮನೆ, ಬೆಳೀತಾ ಬೆಳೀತಾ ದೊಡ್ಡ ಮನೆ ಬೇಕು. ಒಳ್ಳೆ ಚಿಪ್ಪೊಂದು ಸಿಕ್ಕಿದ್ರೆ ಕೆಲವು ಸಲ ಏಡಿಗಳು ಗಾತ್ರದ ಪ್ರಕಾರ ಸಾಲಾಗಿ ನಿಂತ್ಕೋತವೆ, ಮೊದಲನೇದು ಹೊಸ ಚಿಪ್ಪಿಗೆ ನುಗ್ತಿದ್ದಂಗೆ ಅದು ಬಿಟ್ಟಿದ್ದಕ್ಕೆ ಎರಡನೇದು, ಅದರದ್ದಕ್ಕೆ ಮೂರನೇದು, ಹಿಂಗೆ ಪಟಪಟ ಅಂತ ಮುಗ್ದೇ ಹೋಗತ್ತೆ. ಮಗನ್ನ ಸ್ವಲ್ಪ ದೂರದಲ್ಲಿ ಅಲ್ಲಾಡದೆ ಕೂರಿಸಿ ನೋಡಿ, ಮೊದಲು ಏಡಿ ಎಲ್ಲ ಒಳಗೆ ಎಳ್ಕೊಂಡು ಕಲ್ಲಿನ ಥರ ಬಿದ್ದಿರತ್ತೆ, ಆಮೇಲೆ ಮೀಸೆ ಬರತ್ತೆ, ಆಮೇಲೆ ಕಡ್ಡಿ ಮೇಲಿನ ಕಣ್ಣು, ಕೊನೆಗೆ ಕಾಲು. ಕೈಲಿ ಹಿಡ್ಕೊಂಡ್ರೆ ಇದ್ಯಾವುದೂ ಕಾಣಲ್ಲ.

ಜೆಲ್ಲಿಫಿಶ್ ತಾಗಿದ್ರೆ ಉಜ್ಜಬೇಡಿ, ಸಿಹಿನೀರು ಹಾಕ್ಬೇಡಿ, ಬಾಕ್ಸ್ ಜೆಲ್ಲಿಫಿಶ್ ಅನ್ನೋ ತುಂಬಾ ವಿಷದ ಜಾತಿ ಇರೋ ಕಡೆ ವಿನೆಗರ್ ಬಾಟಲಿ ಬ್ಯಾಗಲ್ಲೇ ಇರ್ಲಿ, ಹಾಕಿದ ತಕ್ಷಣ ಆಸ್ಪತ್ರೆಗೆ ಹೊರಡಿ. ಅಂಡಮಾನಿಂದ ಆಸ್ಟ್ರೇಲಿಯಾದ ಉತ್ತರದವರೆಗಿನ ದ್ವೀಪಗಳಲ್ಲಿ ಉಪ್ಪುನೀರಿನ ಮೊಸಳೆನೂ ಉಂಟು, ನಿಮ್ಮದು ಆ ಕಡೆ ಆದ್ರೆ ಕಾಂಡ್ಲಾ ಕಾಡು (ಮ್ಯಾಂಗ್ರೋವ್), ಅಳಿವೆ ಹತ್ರ ಮಕ್ಕಳನ್ನ ನೀರಿಗೆ ಬಿಡಲೇಬೇಡಿ, ಮೊಸಳೆ ಬೋರ್ಡ್ ಇದ್ರೆ ಅಲ್ಲಿಂದ ವಾಪಸ್ ಬನ್ನಿ.

ಪ್ರಶ್ನೆ: ನಮ್ಮನೆ ಹತ್ರದ ಬೀಚಲ್ಲಿ ಕಡಲಾಮೆ ಮೊಟ್ಟೆ ಇಟ್ಟಿದೆ. ಮರಿ ಬಂದಾಗ ಮಕ್ಕಳ ಕೈಲಿ ನೀರಿಗೆ ಬಿಡಿಸಬಹುದಾ?

ಉತ್ತರ: ಆಸೆ ಅರ್ಥ ಆಗತ್ತೆ, ಆದ್ರೂ ಬೇಡ. ಗೂಡಿನ ಮೇಲೆ ಅಗೆಯೋದೂ ಬೇಡ, ಮರಳಿನ ಬಿಸಿ ಮೇಲೇ ಮರಿ ಗಂಡೋ ಹೆಣ್ಣೋ ಅನ್ನೋದು ತೀರ್ಮಾನ ಆಗೋದು, ಬಿಸಿ ಜಾಸ್ತಿ ಇದ್ರೆ ಹೆಣ್ಣು. ಮರಿಗಳು ಸಾಮಾನ್ಯವಾಗಿ ಸುಮಾರು ಎರಡು ತಿಂಗಳಿಗೆ, ಹೆಚ್ಚಾಗಿ ರಾತ್ರಿ ಹೊತ್ತು ಹೊರಗೆ ಬರ್ತವೆ, ಬೆಳಕು ಜಾಸ್ತಿ ಇರೋ ದಿಗಂತದ ಕಡೆ ಹೋಗ್ತವೆ. ಕತ್ತಲ ಬೀಚಲ್ಲಿ ಅದು ಸಮುದ್ರ, ನಿಮ್ಮ ವರಾಂಡಾದ ಲೈಟ್ ಉರೀತಿದ್ರೆ ನಿಮ್ಮನೆ! ನಿಜವಾಗ್ಲೂ ಸಹಾಯ ಮಾಡ್ಬೇಕು ಅಂದ್ರೆ ಆ ದಿನಗಳಲ್ಲಿ ಸಮುದ್ರದ ಕಡೆಯ ಲೈಟ್ ಎಲ್ಲ ಆಫ್ ಮಾಡಿ, ಮಕ್ಕಳು ಮರಳಲ್ಲಿ ತೋಡಿದ ಗುಂಡಿ ಸಂಜೆಯೇ ಮುಚ್ಚಿಸಿ, ನೋಡೋಕೆ ಹೋದ್ರೆ ಟಾರ್ಚ್, ಫ್ಲಾಶ್ ಯಾವುದೂ ಬೇಡ. ಮರಿ ರಸ್ತೆ ಕಡೆ ಹೊರಟಿದ್ರೆ ಅಲ್ಲಿನ ವನ್ಯಜೀವಿ ಇಲಾಖೆಯವರಿಗೆ ಫೋನ್ ಮಾಡಿ, ನಂಬರ್ ಈಗ್ಲೇ ಸೇವ್ ಮಾಡಿಟ್ಕೊಳ್ಳಿ.

ಪ್ರಶ್ನೆ: ಮಳೆ ಶುರುವಾದ್ರೆ ರಸ್ತೆ ತುಂಬಾ ಏಡಿ. ಕಾರ್ ಹೇಗೆ ಓಡಿಸೋದು?

ಉತ್ತರ: ಮೊಟ್ಟೆ ಬಿಡೋಕೆ ಕಾಡಿಂದ ಸಮುದ್ರಕ್ಕೆ ಹೊರಟಿರ್ತವೆ ಅವು. ಹಿಂದೂ ಮಹಾಸಾಗರದಲ್ಲಿ ಆಸ್ಟ್ರೇಲಿಯಾಗೆ ಸೇರಿದ ಕ್ರಿಸ್ಮಸ್ ಐಲ್ಯಾಂಡ್ ಅನ್ನೋ ದ್ವೀಪದಲ್ಲಿ ಕೆಂಪು ಏಡಿಗಳಿಗೋಸ್ಕರ ಆ ಸಮಯಕ್ಕೆ ರಸ್ತೆನೇ ಮುಚ್ತಾರೆ, ಏಡಿಗಳಿಗೇ ಅಂತ ಸೇತುವೆ ಕೂಡ ಕಟ್ಟಿದ್ದಾರೆ. ನೀವು ಆ ವಾರ ಆದಷ್ಟು ನಡ್ಕೊಂಡೇ ಓಡಾಡಿ, ಕಾರ್ ತೆಗೀಲೇಬೇಕು ಅಂದ್ರೆ ಒಬ್ರು ಮುಂದೆ ಇಳಿದು ಪೊರಕೆಯಿಂದ ಮೆಲ್ಲಗೆ ದಾರಿ ಮಾಡ್ಲಿ, ಮಕ್ಕಳು ಖುಷಿಯಾಗಿ ಮಾಡೋ ಕೆಲಸ ಅದು, ಬೇರೆ ಗಾಡಿ ಬರ್ತಿಲ್ಲ ಅಂತ ನೋಡ್ಕೊಂಡು ದೊಡ್ಡೋರು ಜೊತೆಗೇ ಇರಿ.