ವ್ಯಾಟಿಕನ್ ಮ್ಯೂಸಿಯಂ ಟಿಕೆಟ್‌ನಲ್ಲಿ ಟವರ್ ಆಫ್ ದಿ ವಿಂಡ್ಸ್ ಯಾಕೆ ಕಾಣಲ್ಲ?

ನಿಮ್ಮ ಟಿಕೆಟ್‌ನಲ್ಲಿ ತಪ್ಪೇನಿಲ್ಲ, ವ್ಯಾಟಿಕನ್‌ನ ಆ ಹಳೇ ಗೋಪುರ ಇರೋದು ಅಪೊಸ್ಟೋಲಿಕ್ ಆರ್ಕೈವ್ (ಪೋಪ್‌ಗಳ ಹಳೇ ದಾಖಲೆ ಇಡೋ ಜಾಗ, 2019ರ ತನಕ 'ಸೀಕ್ರೆಟ್ ಆರ್ಕೈವ್' ಅಂತಿದ್ರಲ್ಲ, ಅದೇ) ಜಾಗದಲ್ಲಿ, ಮಾಮೂಲಿ ಮ್ಯೂಸಿಯಂ ರೂಟ್‌ಗೆ ಸೇರಲ್ಲ. ಆ ಟವರ್‌ನ ಫೋಟೋ ಅಂತ ಸಾಮಾನ್ಯವಾಗಿ ಕಾಣೋದು ಅದರೊಳಗಿನ ಮೆರಿಡಿಯನ್ ರೂಮ್. ಗೋಡೆ ಮೇಲೆ ಸಂತ ಪೌಲನ ಹಡಗು ಒಡೆಯೋ ಚಿತ್ರ, ನೆಲದಲ್ಲಿ ಖಗೋಳ ತಜ್ಞ ಇನ್ಯಾಸಿಯೋ ದಾಂತಿ ಹಾಕಿಸಿದ ಉತ್ತರ-ದಕ್ಷಿಣ ಗೆರೆ (ಮೆರಿಡಿಯನ್), ಗೋಡೆಯ ಸಣ್ಣ ತೂತಿಂದ ಬರೋ ಬಿಸಿಲು ಮಧ್ಯಾಹ್ನ ಆ ಗೆರೆ ಮೇಲೆ ಬೀಳುತ್ತೆ, 1582ರಲ್ಲಿ ಪೋಪ್ ಹದಿಮೂರನೇ ಗ್ರೆಗೊರಿ ಮಾಡಿದ ಕ್ಯಾಲೆಂಡರ್ ಬದಲಾವಣೆ (ಈಗ ನಾವು ಬಳಸೋ ಕ್ಯಾಲೆಂಡರ್) ಕಥೆಗೂ ಈ ರೂಮಿಗೂ ನಂಟಿದೆ.

ಟವರ್ ನೋಡ್ಲೇಬೇಕು ಅಂದ್ರೆ ಮೊದಲು ಆರ್ಕೈವ್‌ಗೆ ಈಮೇಲ್ ಹಾಕಿ, ಯಾಕೆ ನೋಡ್ಬೇಕು ಅಂತ ಸ್ಪಷ್ಟವಾಗಿ ಬರೀರಿ. ಒಪ್ತಾರೆ ಅಂತ ಗ್ಯಾರಂಟಿ ಕೊಡಕ್ಕಾಗಲ್ಲ, ರಿಸರ್ಚ್ ಪಾಸ್ ಇದ್ರೂ ಅದು ದಾಖಲೆ ಓದೋಕೆ, ಟವರ್ ಹತ್ತೋಕಲ್ಲ. ಅದನ್ನೇ ನಂಬ್ಕೊಂಡು ಫ್ಲೈಟ್ ಬುಕ್ ಮಾಡಿ ಕೂರ್ಬೇಡಿ.

ಉತ್ತರ ಬರದಿದ್ರೆ ಅದೇ ಮ್ಯೂಸಿಯಂ ಟಿಕೆಟ್‌ನಲ್ಲಿ ಗ್ಯಾಲರಿ ಆಫ್ ಮ್ಯಾಪ್ಸ್ (ಗೋಡೆ ತುಂಬ ಮ್ಯಾಪ್ ಬರೆದಿರೋ ಉದ್ದದ ಹಾಲ್) ನಿಧಾನವಾಗಿ ನೋಡಿ, ಅದೂ ದಾಂತಿ ಕೆಲಸಾನೇ, ಅದೇ ಪೋಪ್ ಹದಿಮೂರನೇ ಗ್ರೆಗೊರಿ ಮಾಡಿಸಿದ್ದು, 120 ಮೀಟರ್ ಉದ್ದ, 40 ಮ್ಯಾಪ್. ಎಲ್ರೂ ಮೇಲಿನ ಚಿನ್ನದ ಸೀಲಿಂಗ್ ಫೋಟೋ ತೆಗೀತಾ ಸಿಸ್ಟೈನ್ ಚಾಪೆಲ್‌ಗೆ ಓಡ್ತಾರೆ, ನೀವು ಗೋಡೆ ನೋಡಿ.

ಚಾಪೆಲ್ ಆದ್ಮೇಲೆ ಸೇಂಟ್ ಪೀಟರ್ಸ್ ಬಸಿಲಿಕಾ ಕಡೆ ಹೋಗೋ ಶಾರ್ಟ್‌ಕಟ್ ಹಿಡೀಬೇಡಿ, ಲೈಬ್ರರಿ ಕಡೆ ದಾರೀಲಿ ಬನ್ನಿ, ಗೋಡೆ ತುಂಬ ಚಿತ್ರ ಇರೋ ಹಳೇ ಲೈಬ್ರರಿ ಹಾಲ್ ಸಾಲೋನೆ ಸಿಸ್ಟಿನೋ ಆ ಕಡೇನೇ. ಕೆಲವು ದಿನ ಕೆಲವು ರೂಮ್ ಮುಚ್ಚಿರ್ತಾರೆ, ಒಳಗೆ ಹೋದ ತಕ್ಷಣ ಗಾರ್ಡ್ ಹತ್ರ ಕೇಳ್ಕೊಳ್ಳಿ.